ಎಲ್ಲಾ ಬರ್ತೈತಿ, ಪೂರಾ ಯಾವ್ದು ಬರ್ತೈತಿ?

ಪ್ರಶ್ನೆ: ನಾನು ಜಮಖಂಡಿಯವನು. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ, ನಾಲ್ಕು ವರ್ಷದಿಂದ ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೇನೆ. ಒಟ್ಟು 14 ಜನ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಬಿಲ್ಲಿನ ಸಾಫ್ಟ್‌ವೇರ್, ಪತ್ತಿನ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಡಾಟ್‌ನೆಟ್ ಕೋಡ್, ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್, ಪಿಗ್ಮಿ ಏಜೆಂಟರ ಆಂಡ್ರಾಯ್ಡ್ ಆ್ಯಪ್, ಬ್ಯಾಕಪ್, ಕೊನೆಗೆ ಪ್ರಿಂಟರ್ ಕೂಡ ನನ್ನ ಪಾಲಿಗೇ. ರಿಪೋರ್ಟ್ ನಿಧಾನವಾದರೆ ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ಬೆಂಗಳೂರಿನ ಎರಡು ಇಂಟರ್‌ವ್ಯೂಗಳಲ್ಲಿ ‘ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಿದೆ, ಆಳ ಸಾಲದು’ ಎಂದು ಕಳಿಸಿದರು. ಪುಣೆಯಲ್ಲಿರುವ ಅಕ್ಕನ ಗಂಡ ‘ಕ್ಲೌಡ್ ಇಲ್ಲಾ ಎಐ, ಯಾವುದಾದರೂ ಒಂದು ಹಿಡಿ’ ಎನ್ನುತ್ತಾರೆ. ನಮ್ಮ ಮಾಲಕರು ‘ಆಲ್‌ರೌಂಡರ್‌ಗೆ ಎಂದೂ ಕೆಲಸ ತಪ್ಪುವುದಿಲ್ಲ’ ಎನ್ನುತ್ತಾರೆ. ನನಗೀಗ 26 ವರ್ಷ. ಅಪ್ಪ, ಅವ್ವ ಊರಲ್ಲಿದ್ದಾರೆ. ಒಂದನ್ನೇ ಹಿಡಿಯಲೇ, ಹೀಗೇ ಮುಂದುವರಿಯಲೇ?

ಉತ್ತರ: ‘ಕೊನೆಗೆ ಪ್ರಿಂಟರ್ ಕೂಡ’ ಎಂದು ನೀವು ಬರೆದದ್ದನ್ನು ಓದಿ ನಗು ಬಂತು. ಇಪ್ಪತ್ತು ವರ್ಷದ ಹಿಂದೆ ಇದೇ ಬೆಳಗಾವಿಯಲ್ಲಿ ನಾನೂ ಇದೇ ಕೆಲಸ ಮಾಡಿದವನು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ರಿಬ್ಬನ್ ಬದಲಿಸಿ, ಎಷ್ಟು ತೊಳೆದರೂ ಹೋಗದ ಕರಿ ಬೆರಳಿನಲ್ಲೇ ರೊಟ್ಟಿ ಮುರಿದ ದಿನಗಳಿವೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು, ಸೈರಿಸಿಕೊಳ್ಳಿ.

ನಿಮ್ಮ ಮಾಲಕರ ಮಾತೂ ಸುಳ್ಳಲ್ಲ, ಅಕ್ಕನ ಗಂಡನ ಮಾತೂ ಸುಳ್ಳಲ್ಲ. ಇಬ್ಬರೂ ತಾವು ನಿಂತ ಪೇಟೆಯನ್ನು ನೋಡಿ ಮಾತಾಡುತ್ತಿದ್ದಾರೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಉದ್ಯಮಬಾಗದ ಫೌಂಡ್ರಿಗಳ ಕಡೆ ಹೋಗಿ ಬನ್ನಿ. ಪ್ಯಾಟರ್ನ್, ಅಂದರೆ ಅಚ್ಚಿಗೆ ಬೇಕಾದ ಮಾದರಿ, ಮಾಡುವವನು ಬೇರೆ, ಅಚ್ಚು ಹಾಕುವವನು ಬೇರೆ, ಎರಕ ಹೊಯ್ಯುವವನು ಬೇರೆ. ಮಷೀನಿಂಗ್ ಎಷ್ಟೋ ಸಲ ಇನ್ಯಾರದೋ ಶೆಡ್ಡಿನಲ್ಲಿ. ಆರ್ಡರ್ ಬರುತ್ತಲೇ ಇರುವುದರಿಂದ ಬರೀ ಪ್ಯಾಟರ್ನ್ ಮಾಡಿಕೊಂಡೇ ಒಬ್ಬ ಸಂಸಾರ ಸಾಗಿಸಬಲ್ಲ. ಅದೇ ನಿಮ್ಮ ಜಮಖಂಡಿ ಕಡೆಯ ವರ್ಕ್‌ಶಾಪಿನವನನ್ನು ನೋಡಿ. ವೆಲ್ಡಿಂಗ್ ಅವನೇ, ಲೇತ್ ಅವನೇ, ಸುಟ್ಟ ಬೋರಿನ ಮೋಟರಿಗೆ ವೈಂಡಿಂಗ್ ಅವನೇ, ಟ್ರ್ಯಾಕ್ಟರಿನ ಟ್ರೇಲರ್ ಬೆಸೆಯುವವನೂ ಅವನೇ. ಅವನಿಗೆ ಕಸುಬು ಕಡಿಮೆ ಅಂತಲ್ಲ. ಅಲ್ಲಿ ಪ್ಯಾಟರ್ನ್ ಕೇಳಿಕೊಂಡು ಬರುವ ಗಿರಾಕಿಯೇ ಇಲ್ಲ.

ಸಾಫ್ಟ್‌ವೇರ್ ಕೆಲಸವೂ ಹಾಗೇ. 300 ಎಂಜಿನಿಯರುಗಳಿರುವ ಕಡೆ ಡೇಟಾಬೇಸ್ ಒಂದನ್ನೇ ನೋಡಿಕೊಳ್ಳಲು ನಾಲ್ಕು ಜನರನ್ನು ಇಡಬಹುದು. 14 ಜನರ ಕಂಪನಿಯಲ್ಲಿ ಹಾಗೆ ಇಟ್ಟರೆ ಸಂಬಳದ ದಿನ ಮಾಲಕರು ಮನೆಯ ಚಿನ್ನ ಅಡವಿಡಬೇಕಾದೀತು. ಬೆಂಗಳೂರಿನಲ್ಲಿ ನಿಮ್ಮನ್ನು ಬೇಡವೆಂದವರು ಪ್ಯಾಟರ್ನ್ ಮಾಡುವವನನ್ನು ಹುಡುಕುತ್ತಿದ್ದರು, ನೀವು ವರ್ಕ್‌ಶಾಪಿನಿಂದ ಹೋಗಿದ್ದಿರಿ, ಅಷ್ಟೇ. ಅದನ್ನು ನಿಮ್ಮ ಬುದ್ಧಿಗೆ ಕೊಟ್ಟ ಅಂಕ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೂ ಅವರ ಮಾತಿನಲ್ಲಿ ಒಂದು ಮುಳ್ಳಿದೆ. ಅದನ್ನು ನಾನು ಬಹಳ ಹಿಂದೆಯೇ ತುಳಿದಿದ್ದೇನೆ.

2004-05ರ ಹಂಗಾಮು. ಘಟಪ್ರಭಾ ದಂಡೆಯ ಒಂದು ಕಾರ್ಖಾನೆ, ಹೆಸರು ಬೇಡ. ಅಲ್ಲಿ ಎರಡು ತೂಕದ ಕಾಟಾ. ಕಬ್ಬಿನ ಗಾಡಿ ಕಾಟಾ ಮೇಲೆ ಹತ್ತಿದ ಕೂಡಲೇ ನಮ್ಮ ಸಾಫ್ಟ್‌ವೇರ್ ತೂಕ ಓದಿ, ಚೀಟಿ ನಂಬರ್ ಹಾಕಿ ಮುದ್ರಿಸುತ್ತಿತ್ತು. ರಾತ್ರಿ ಪಾಳಿಯಲ್ಲಿ ಮಾತ್ರ ಒಂದೊಂದು ಸಲ ಇಬ್ಬರು ರೈತರಿಗೆ ಒಂದೇ ನಂಬರಿನ ಚೀಟಿ ಬರುತ್ತಿತ್ತು. ಒಂದೇ ನಂಬರಿಗೆ ಇಬ್ಬರ ಕಬ್ಬು! ಬಿಲ್ಲಿನ ಹೊತ್ತಿಗೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಕೆಳಗೆ ಟ್ರ್ಯಾಕ್ಟರುಗಳ ಸಾಲು, ಎತ್ತಿನ ಗಾಡಿಗಳ ಸಾಲು, ಮೇಲೆ ಮಾಳಿಗೆಯಲ್ಲಿ ನಾನು. ನನಗೆ ಗೊತ್ತಿದ್ದ ಮದ್ದು ಒಂದೇ, ಸರ್ವರ್ ರೀಸ್ಟಾರ್ಟ್ ಮಾಡುವುದು. ಮಾಡಿದರೆ ಸರಿಹೋಗುತ್ತಿತ್ತು ಕೂಡ! ಹನ್ನೊಂದು ರಾತ್ರಿ ಹೀಗೇ ಕಳೆದೆ.

ಹನ್ನೆರಡನೇ ದಿನ ಮುಧೋಳ ಕಡೆಯ ಒಬ್ಬ ಹಿರಿಯ ಸಹೋದ್ಯೋಗಿ ಬಂದರು. ನಾನು ಉತ್ಸಾಹದಿಂದ ನನಗೆ ಬರುವ ಭಾಷೆ, ಟೂಲುಗಳ ಪಟ್ಟಿಯನ್ನೆಲ್ಲ ಒಪ್ಪಿಸಿದೆ. ಚಹಾ ಕಪ್ಪು ಕೆಳಗಿಟ್ಟು ಕೇಳಿದರು: ‘ತಮ್ಮಾ, ಎಲ್ಲಾ ಬರ್ತೈತಿ ಅಂತೀಯಲ್ಲ, ಪೂರಾ ಯಾವ್ದು ಬರ್ತೈತಿ?’

ಆಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ನಾನೇ ಬರೆದ ಸಾಲು ತೋರಿಸಿದರು. ಹೊಸ ಚೀಟಿಗೆ ನಂಬರ್ ಕೊಡಲು ನಾನು ಟೇಬಲ್ಲಿನಲ್ಲಿರುವ ಅತಿ ದೊಡ್ಡ ನಂಬರ್ ಓದಿ ಅದಕ್ಕೆ ಒಂದು ಕೂಡಿಸುತ್ತಿದ್ದೆ. ಎರಡು ಕಾಟಾ ಒಂದೇ ಗಳಿಗೆಯಲ್ಲಿ ಓದಿದರೆ? ಎರಡಕ್ಕೂ ಸಿಗುವುದು ಒಂದೇ ದೊಡ್ಡ ನಂಬರ್, ಎರಡೂ ಅದಕ್ಕೇ ಒಂದು ಕೂಡಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್ ತಾನಾಗಿ ನಡೆಯುವ ರೀತಿಯಲ್ಲಿ, ಅಂದರೆ ‘ರೀಡ್ ಕಮಿಟೆಡ್’ ಮಟ್ಟದಲ್ಲಿ, ಓದಿ ಮುಗಿದೊಡನೆ ಓದಿನ ಲಾಕ್ (ಓದುವಾಗ ಆ ಸಾಲು ಬದಲಾಗದಂತೆ ಹಾಕುವ ಬೀಗ) ಬಿಟ್ಟುಬಿಡುತ್ತದೆ. ಇನ್ನೊಬ್ಬ ಬಂದು ಅದನ್ನೇ ಓದಲು ತಡೆಯೇ ಇಲ್ಲ. ಹಗಲಿನಲ್ಲಿ ಒಂದೇ ಕಾಟಾ ನಡೆಯುತ್ತಿದ್ದುದರಿಂದ ತೊಂದರೆ ಇರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿದ್ದುದು ಯಾಕೆ ಗೊತ್ತೇ? ಸರ್ವರ್ ಮೇಲೇಳುವ ತನಕ ಎರಡನೇ ಕಾಟಾದವನು ಚಹಾಕ್ಕೆ ಹೋಗಿಬಿಡುತ್ತಿದ್ದ. ಅವನು ತಿರುಗಿ ಬರುವವರೆಗೆ ಒಂದೇ ಕಾಟಾ. ನಂಬರನ್ನು ಡೇಟಾಬೇಸೇ ಎಣಿಸಿ ಕೊಡುವಂತೆ ಮಾಡಿ, ಆ ಕಾಲಮ್ಮಿನಲ್ಲಿ ಒಂದು ನಂಬರ್ ಎರಡು ಸಲ ಬರದಂತೆ ಯುನೀಕ್ ನಿರ್ಬಂಧ ಹಾಕಿದರು. ಹತ್ತು ನಿಮಿಷದ ಕೆಲಸ.

ಆಳ ಎನ್ನುವುದು ಏನೆಂದು ನನಗೆ ಅಂದು ಕಣ್ಣಿಗೆ ಕಂಡಿತು. ನಾವು ದಿನಾ ಕೆಲಸ ಮಾಡುವ ಪದರದ ಕೆಳಗೆ ಇನ್ನೊಂದು ಪದರ ಇರುತ್ತದೆ. ಅಲ್ಲಿ ಏನು ನಡೆಯುತ್ತದೆ ಎಂದು ತಿಳಿದಿರುವುದು. ಟೂಲುಗಳ ಪಟ್ಟಿ ಉದ್ದವಾದಷ್ಟೂ ಈ ಕೆಳಗಿನ ಪದರಕ್ಕೆ ಇಳಿಯುವ ಪುರುಸೊತ್ತು ಸಿಗುವುದಿಲ್ಲ. ನಿಮ್ಮ ನಾಲ್ಕು ವರ್ಷದ ಅನುಭವ ನಿಜಕ್ಕೂ ನಾಲ್ಕು ವರ್ಷದ್ದೋ, ಒಂದೇ ವರ್ಷವನ್ನು ನಾಲ್ಕು ಸಲ ಮಾಡಿದ್ದೋ ಎಂದು ನೀವೇ ಕೂತು ನೋಡಿಕೊಳ್ಳಿ. ಬೇಜಾರು ಮಾಡಿಕೊಳ್ಳಬೇಡಿ, ಆ ಹಂಗಾಮಿನಲ್ಲಿ ನನ್ನದು ಎರಡನೆಯ ಬಗೆಯದೇ ಆಗಿತ್ತು.

ಇನ್ನೊಂದು ಸಂಗತಿ ನನ್ನ ಕಾಲದಲ್ಲಿ ಇರಲಿಲ್ಲ, ನಿಮಗಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಎಲ್ಲವೂ ಸ್ವಲ್ಪ ಸ್ವಲ್ಪ’ ಎಂಬ ಸರಕು ಅಗ್ಗವಾಗಿದೆ. ಆಂಡ್ರಾಯ್ಡ್ ಸ್ಕ್ರೀನ್ ಒಂದನ್ನು ಬರೆಯುವುದು, ಬ್ಯಾಕಪ್ ಸ್ಕ್ರಿಪ್ಟ್ ಹೊಂದಿಸುವುದು, ಎಕ್ಸೆಲ್‌ನಿಂದ ಡೇಟಾ ಎತ್ತುವುದು, ಇವನ್ನು ಈಗ ಹೊಸ ಹುಡುಗನೂ ಕೇಳಿ ಬರೆಸಿಕೊಳ್ಳುತ್ತಾನೆ. ದೊಡ್ಡ ನಂಬರಿಗೆ ಒಂದು ಕೂಡಿಸುವ ನನ್ನ ಆ ಹಳೆಯ ಕೋಡನ್ನೂ ಅದು ಅಚ್ಚುಕಟ್ಟಾಗಿ ಬರೆದುಕೊಟ್ಟೀತು. ಎರಡು ಕಾಟಾ ಇದ್ದರೆ ಇದು ಕೆಡುತ್ತದೆ ಎಂದು ನೋಡಿದ ಕೂಡಲೇ ಹೇಳುವವನಿಗೆ ಇನ್ನು ಮುಂದೆ ಬೆಲೆ ಹೆಚ್ಚು ಎಂಬುದು ನನ್ನ ಎಣಿಕೆ.

ಹಾಗಾದರೆ ಒಂದನ್ನು ಹಿಡಿಯಬೇಕು. ಯಾವುದನ್ನು? ಇಲ್ಲೇ ಜನ ಎಡವುವುದು. ನಾನೂ ಎಡವಿದೆ. ಆ ಕಾಟಾ ಪ್ರಸಂಗದ ಪಾಠವನ್ನು ಅರ್ಧ ಕಲಿತು, 2006ರಲ್ಲಿ ಪುಣೆಗೆ ಹೋಗಿ ಫ್ಲ್ಯಾಶ್ ಹಿಡಿದೆ, ವೆಬ್ ಪುಟಗಳಲ್ಲಿ ಓಡುವ ಚಿತ್ರ, ಆಟ ಮಾಡುವ ಅಡೋಬಿ ಕಂಪನಿಯ ಸಾಫ್ಟ್‌ವೇರ್. ಆಗ ಇ-ಲರ್ನಿಂಗ್ ಕೆಲಸವೆಂದರೆ ಫ್ಲ್ಯಾಶ್. ಸಂಬಳ ಚೆನ್ನಾಗಿತ್ತು, ಕೈಗೆ ನಾಲ್ಕು ಜನ ಹುಡುಗರಿದ್ದರು. 2007ರಲ್ಲಿ ಐಫೋನ್ ಬಂತು, ಅದರಲ್ಲಿ ಫ್ಲ್ಯಾಶ್ ಓಡುತ್ತಿರಲಿಲ್ಲ. ‘ಇಂದಲ್ಲ ನಾಳೆ ಓಡಿಸಲೇಬೇಕಾಗುತ್ತದೆ’ ಎಂದು ನಾವೆಲ್ಲ ನಂಬಿಕೊಂಡು ಕೂತೆವು. ಐಫೋನಿನವರು ಓಡಿಸಲೇ ಇಲ್ಲ. 2017ರ ಜುಲೈನಲ್ಲಿ ಅಡೋಬಿ ತಾನೇ ಫ್ಲ್ಯಾಶ್ ನಿಲ್ಲಿಸುವುದಾಗಿ ಹೇಳಿತು, 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ನಾನು 2011ಕ್ಕೇ ಇಳಿದುಕೊಂಡೆ. ಕೈಯಲ್ಲಿ ಉಳಿದದ್ದು ಐದು ವರ್ಷದ ಕಸುಬು, ಕೊಳ್ಳುವವರು ಇರಲಿಲ್ಲ.

ಒಂದು ಕಂಪನಿ ಮಾರುವ ಒಂದು ಸರಕಿನ ಹೆಸರನ್ನು ನಾನು ಪರಿಣತಿ ಎಂದುಕೊಂಡಿದ್ದೆ. ನಿಮ್ಮ ಅಕ್ಕನ ಗಂಡ ‘ಕ್ಲೌಡ್ ಇಲ್ಲಾ ಎಐ’ ಎನ್ನುವಾಗ ನನಗೆ ಕೇಳಿಸುವುದು ಅದೇ ದನಿ. ಆ ಎರಡೂ ಕೆಟ್ಟವಲ್ಲ. ಆದರೆ ಎಐಯಲ್ಲಿ ಏನು? ಕ್ಲೌಡಿನಲ್ಲಿ ಏನು? ‘ಕೃಷಿ ಮಾಡು’ ಎಂದಷ್ಟೇ ಹೇಳಿದ ಹಾಗಾಯಿತು. ವಿಜಯಪುರದವನಿಗೆ ದ್ರಾಕ್ಷಿಯೋ ಜೋಳವೋ, ನೀರೆಷ್ಟು, ಮಣ್ಣೆಂಥದು ಎನ್ನುವುದೇ ಮಾತು.

ಈಗ ಬೇರೆ ಬದಿಗೆ ನೋಡಿ. ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡುವ ಡೇಟಾಬೇಸ್‌ಗಳ ರಿಲೇಷನಲ್ ಮಾದರಿಯನ್ನು ಎಡ್ಗರ್ ಕಾಡ್ ಪ್ರಕಟಿಸಿದ್ದು 1970ರಲ್ಲಿ. ಡೇಟಾಬೇಸನ್ನು ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಗೆ ಮಾನಕ ಬಂದದ್ದು 1986ರಲ್ಲಿ. ಇಂಟರ್‌ನೆಟ್ಟಿನ ಬೆನ್ನೆಲುಬಾದ ಟಿಸಿಪಿ-ಐಪಿಗೆ ಆಗಿನ ಜಾಲ ಪೂರ್ತಿ ಬದಲಾದದ್ದು 1983ರ ಜನವರಿ 1ರಂದು. ಲಿನಕ್ಸ್ ಆಪರೇಟಿಂಗ್ ಸಿಸ್ಟಂ 1991ರದು. ಇವನ್ನು ಆಳವಾಗಿ ಕಲಿತವನು ಮೇಲಿನ ಟೂಲು ಬದಲಾದಾಗ ಮತ್ತೆ ಅ ಆ ಇ ಈಯಿಂದ ತೊಡಗಬೇಕಿಲ್ಲ. 1959ರಲ್ಲಿ ರೂಪ ತಾಳಿದ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೂ ಇನ್ನೂ ಕರೆ ಬರುತ್ತದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ಬೇಕಾಗಿದ್ದಾರೆ ಎಂದು ಬಹಿರಂಗವಾಗಿಯೇ ಕೇಳಿದರು. (ನೀವು ಕೋಬಾಲ್ ಕಲಿಯಿರಿ ಎಂದು ಹೇಳುತ್ತಿಲ್ಲ. ದಯವಿಟ್ಟು.)

ನಿಮಗೆ ಯಾವುದು ಎಂದು ನಿಮ್ಮ ಪತ್ರವೇ ಹೇಳಿದೆ, ನೀವು ಗಮನಿಸಿದಂತಿಲ್ಲ. ‘ರಿಪೋರ್ಟ್ ನಿಧಾನವಾದರೆ ಎಲ್ಲರೂ ನನಗೇ ಫೋನ್ ಮಾಡುತ್ತಾರೆ’ ಎಂದು ನಡುವೆ ಒಂದು ಸಾಲು ಬರೆದಿದ್ದೀರಿ. ಆ ಫೋನ್ ಆ್ಯಪಿಗಾಗಿ ಬರುವುದಿಲ್ಲ, ಬ್ಯಾಕಪ್ಪಿಗಾಗಿ ಬರುವುದಿಲ್ಲ. ಬೇರೆಯವರು ನಿಮ್ಮನ್ನು ಯಾವುದಕ್ಕೆ ಹುಡುಕಿಕೊಂಡು ಬರುತ್ತಾರೋ ಅಲ್ಲಿ ನಿಮ್ಮ ಕೈ ಆಗಲೇ ಅರ್ಧ ಪಳಗಿದೆ. ಡೇಟಾಬೇಸ್ ಹಿಡಿಯಿರಿ. ಅದರಲ್ಲೂ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ವೇಗ, ಲಾಕು, ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಎಂಬ ಕೆಲಸದ ಕಟ್ಟು), ಬ್ಯಾಕಪ್‌ನಿಂದ ಮರಳಿ ಪಡೆಯುವುದು, ಇಷ್ಟನ್ನು ತಳದವರೆಗೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಲಿತದ್ದನ್ನು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲೂ ಮಾಡಿ ನೋಡಿ. ಒಂದೇ ಪ್ರಯೋಗ ಎರಡು ಕಡೆ ಬೇರೆ ಬೇರೆ ಫಲ ಕೊಟ್ಟಾಗ ಯಾವುದು ತತ್ವ, ಯಾವುದು ಆ ಸರಕಿನ ಸ್ವಭಾವ ಎಂದು ಗೊತ್ತಾಗುತ್ತದೆ. ಫ್ಲ್ಯಾಶ್ ಹಿಡಿದಾಗ ನಾನು ಈ ಒಂದು ಕೆಲಸ ಮಾಡಿರಲಿಲ್ಲ.

ಹಾಗಂತ ನಾಲ್ಕು ವರ್ಷದ ಅಗಲವನ್ನು ಕಸಕ್ಕೆ ಹಾಕುವುದೇ? ಇಳಕಲ್ ನಿಮ್ಮ ಜಿಲ್ಲೆಯದೇ, ಹಾಗಾಗಿ ಹೇಳುತ್ತೇನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಸಾಫ್ಟ್‌ವೇರ್ ಕೆಡುವುದು ಅಂಥ ಕೂಡುವ ಜಾಗದಲ್ಲೇ: ಕಾಟಾದಿಂದ ಬರುವ ತೂಕ ಡೇಟಾಬೇಸ್ ಮುಟ್ಟುವಲ್ಲಿ, ಪಿಗ್ಮಿ ಏಜೆಂಟನ ಫೋನು ನೆಟ್‌ವರ್ಕ್ ಇಲ್ಲದ ಊರಿನಿಂದ ಸಂಜೆ ಬಂದು ಸಂಘದ ಖಾತೆಗೆ ಸೇರುವಲ್ಲಿ. ಡೇಟಾಬೇಸ್ ಒಂದೇ ಬಲ್ಲವನು ಇಂಥಲ್ಲಿ ‘ನನ್ನ ಕಡೆ ಸರಿ ಇದೆ’ ಎಂದು ಕೈ ತೊಳೆದುಕೊಳ್ಳುತ್ತಾನೆ. ನಿಮಗೆ ಎರಡೂ ಬದಿ ಗೊತ್ತು. ಅಗಲ ಇರಲಿ, ಇನ್ನು ಅದನ್ನು ಹೆಚ್ಚಿಸುವುದು ಮಾತ್ರ ಬೇಡ. ಮುಂದಿನ ಒಂದೂವರೆ ವರ್ಷ ಹೊಸ ಭಾಷೆ, ಹೊಸ ಫ್ರೇಮ್‌ವರ್ಕ್ ಯಾವುದನ್ನೂ ಮುಟ್ಟಬೇಡಿ. ಗೆಳೆಯರು ಗೇಲಿ ಮಾಡುತ್ತಾರೆ, ಮಾಡಲಿ.

ಇನ್ನೊಂದು ಆಳ ನಿಮಗೆ ತಿಳಿಯದೆಯೇ ಕೂಡಿಬಿದ್ದಿದೆ, ಕಬ್ಬಿನ ವ್ಯವಹಾರದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕಬ್ಬಿನ ಕನಿಷ್ಠ ದರ, ಸಕ್ಕರೆಯ ಇಳುವರಿಗೆ ತಕ್ಕಂತೆ ಏರುತ್ತದೆ. ಬಿಲ್ಲಿನಲ್ಲಿ ಕಟಾವು, ಸಾಗಾಣಿಕೆ, ಸಂಘದ ಸಾಲ ಎಂದು ಏನೇನು ಕಡಿತ ಬರುತ್ತವೆ, ಬರಿಗಾಡಿಯ ತೂಕದಲ್ಲಿ ಏನೇನು ಆಟ ನಡೆಯುತ್ತದೆ, ಇವೆಲ್ಲ ನಿಮಗೆ ಬೆರಳ ತುದಿಯಲ್ಲಿವೆ. ಬೆಂಗಳೂರಿನ ಒಳ್ಳೆಯ ಎಂಜಿನಿಯರನಿಗೆ ಇದು ಕಲಿಯಲು ಎರಡು ಹಂಗಾಮು ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಬ್ಬಿನ ಜಿಲ್ಲೆಗಳು; ಗಡಿಯಾಚೆ ಕೊಲ್ಹಾಪುರ, ಸಾಂಗಲಿಯೂ ಅಷ್ಟೇ. ಊರಿಗೆ ಹತ್ತಿರವೇ ಇರಬೇಕೆಂದರೆ ಡೇಟಾಬೇಸಿನ ಆಳ, ಕಬ್ಬಿನ ಲೆಕ್ಕದ ಆಳ, ಈ ಜೋಡಿ ಇಲ್ಲಿ ಅಪರೂಪ.

ಕಲಿಯುವುದು ಹೇಗೆ ಎನ್ನುವುದರಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಆಳ ಬರುವುದು ಭಾರ ಬಿದ್ದಾಗ. ನಾಲ್ಕು ಸಾವಿರ ಸದಸ್ಯರ ಪತ್ತಿನ ಸಂಘದ ಡೇಟಾಬೇಸಿಗೆ ಎಂದೂ ನೋವೇ ಆಗುವುದಿಲ್ಲ. ಇಂಡೆಕ್ಸ್ (ಬೇಕಾದ ಸಾಲು ಬೇಗ ಹುಡುಕಿಕೊಡುವ ಸೂಚಿ) ಇಲ್ಲದೆ ಬರೆದ ಕ್ವೆರಿಯೂ ಒಂದು ಕ್ಷಣದಲ್ಲಿ ಓಡುತ್ತದೆ, ತಪ್ಪು ತಪ್ಪೆಂದು ಕಾಣುವುದೇ ಇಲ್ಲ. ಹಾಗಾಗಿ ನೋವನ್ನು ನೀವೇ ಹುಟ್ಟಿಸಿಕೊಳ್ಳಬೇಕು. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ, ಗಿರಾಕಿಯ ಒಂದು ಸಾಲನ್ನೂ ನಕಲು ಮಾಡದೆ, 5 ಕೋಟಿ ಸುಳ್ಳು ಕಬ್ಬಿನ ಚೀಟಿ ಸೃಷ್ಟಿಸಿ. ಸುಳ್ಳು ರೈತರು, ಸುಳ್ಳು ಊರುಗಳು. ಅದರ ಮೇಲೆ ನಿಮ್ಮ ಆ ನಿಧಾನದ ರಿಪೋರ್ಟನ್ನೇ ಓಡಿಸಿ, ಎಕ್ಸಿಕ್ಯೂಷನ್ ಪ್ಲಾನ್ (ಡೇಟಾಬೇಸ್ ಆ ಕೆಲಸ ಮಾಡುವ ಹಂತಗಳ ಪಟ್ಟಿ) ತೆಗೆದು ಸಾಲು ಸಾಲಾಗಿ ಓದಿ. ಆಮೇಲೆ ಇಪ್ಪತ್ತು ಕಾಟಾಗಳು ಒಟ್ಟಿಗೆ ಬರೆಯುವಂತೆ ಮಾಡಿ, ಇಬ್ಬರೂ ಒಬ್ಬರ ಲಾಕಿಗೆ ಇನ್ನೊಬ್ಬರು ಕಾಯುತ್ತ ನಿಲ್ಲುವ ಡೆಡ್‌ಲಾಕ್ ಆಗಿಸಿ, ಯಾಕಾಯಿತು ಎಂದು ಹಾಳೆಯ ಮೇಲೆ ಚಿತ್ರ ಬಿಡಿಸಿ. ನಡುವೆ ಒಂದು ದಿನ ಎಲ್ಲ ಅಳಿಸಿ, ಮಧ್ಯಾಹ್ನ 3.40ಕ್ಕೆ ಇದ್ದ ಸ್ಥಿತಿಗೆ ಮರಳಿ ತರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. ಬ್ಯಾಕಪ್ ತೆಗೆಯುವವರು ಬಹಳ, ಅದನ್ನು ಮರಳಿ ಹಾಕಿ ನೋಡಿದವರು ಕಡಿಮೆ.

ಸರ್ಟಿಫಿಕೇಟಿನ ಕೋರ್ಸು ಬೇಕೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಬೇಡ.

ಸಮಯ ಎಲ್ಲಿಂದ ಎಂದರೆ, ಅದು ನಿಮಗೆ ಇದ್ದಷ್ಟು ಬೆಂಗಳೂರಿನವನಿಗೂ ಇಲ್ಲ. ಬೇಸಿಗೆಯಿಂದ ದಸರೆಯ ತನಕ ಕಾರ್ಖಾನೆಗಳು ನುರಿಸುವುದಿಲ್ಲ, ರಾತ್ರಿ ಫೋನು ಬರುವುದಿಲ್ಲ. ಆ ತಿಂಗಳುಗಳಲ್ಲಿ ವಾರಕ್ಕೆ ಆರೇಳು ಗಂಟೆ ಎತ್ತಿಟ್ಟರೆ ಸಾಕು.

ಬೆಂಗಳೂರಿಗೆ ಹೋಗಬೇಕೇ? ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ: ಮನೆಯ ಪರಿಸ್ಥಿತಿ ಒಪ್ಪಿದರೆ ಎರಡು ಮೂರು ವರ್ಷಕ್ಕೆ ಹೋಗಿ ಬನ್ನಿ. ಸಂಬಳಕ್ಕಾಗಿ ಅಲ್ಲ. ನಿಮಗಿಂತ ಆಳ ಬಲ್ಲವರ ಪಕ್ಕದಲ್ಲಿ ಕೂರುವುದಕ್ಕೆ. ಮುಧೋಳದ ಆ ಹಿರಿಯರು ನನ್ನ ಪಕ್ಕ ಕೂರದಿದ್ದರೆ ನಾನು ಇನ್ನೆಷ್ಟು ರಾತ್ರಿ ರೀಸ್ಟಾರ್ಟ್ ಮಾಡುತ್ತಿದ್ದೆನೋ. ಸುಳ್ಳು ಚೀಟಿ ನಿಮಗೆ ನೋವು ಕೊಟ್ಟೀತು, ‘ಇದನ್ನು ನೋಡು’ ಎಂದು ಬೆರಳಿಟ್ಟು ತೋರಿಸಲಾರದು. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ದಾರಿ, ಹಬ್ಬಕ್ಕೆ ಬಂದು ಹೋಗಬಹುದು. ಹೋಗಲು ಆಗುವುದೇ ಇಲ್ಲವೆಂದರೆ ಮನೆಯಿಂದಲೇ ಮಾಡುವ ಕೆಲಸ ಹುಡುಕಿ. ಆದರೆ ಮುಖ ನೋಡದೆ ಕೆಲಸ ಕೊಡುವವರು ಆಲ್‌ರೌಂಡರನನ್ನು ಕೇಳುವುದು ಕಡಿಮೆ, ಒಂದು ನಿರ್ದಿಷ್ಟ ಕೆಲಸ ಬಲ್ಲವನನ್ನೇ ಕೇಳುತ್ತಾರೆ. ನಾನು 2019ರಲ್ಲಿ ಬೆಳಗಾವಿಗೆ ಮರಳಿದ ಮೇಲೆ ನನ್ನ ಹೊಟ್ಟೆ ತುಂಬಿಸಿದ್ದು ಡೇಟಾಬೇಸೇ.

ಮುಂದಿನ ಇಂಟರ್‌ವ್ಯೂಗೆ ಮೊದಲು ರೆಸ್ಯೂಮೆಯಲ್ಲಿರುವ ಹದಿನೈದು ಟೂಲುಗಳ ಪಟ್ಟಿ ಅಳಿಸಿ. ಅಲ್ಲಿ ಒಂದೇ ಪ್ರಸಂಗ ಬರೆಯಿರಿ: ಯಾವ ರಿಪೋರ್ಟ್, ಎಷ್ಟು ನಿಮಿಷ ಹಿಡಿಯುತ್ತಿತ್ತು, ಕಾರಣ ಏನೆಂದುಕೊಂಡಿರಿ, ಅದು ಹೇಗೆ ತಪ್ಪಾಗಿತ್ತು, ನಿಜವಾದ ಕಾರಣ ಏನು, ಈಗ ಎಷ್ಟು ಹೊತ್ತು. ತಪ್ಪೆಣಿಸಿದ ಭಾಗವನ್ನು ಬಿಡಬೇಡಿ. ಇಂಟರ್‌ವ್ಯೂ ಮಾಡುವ ಬದಿಯಲ್ಲಿ ನಾನು ಬಹಳ ಸಲ ಕೂತಿದ್ದೇನೆ. ನಾನು ಕಿವಿ ನಿಮಿರಿಸುವುದು ಅಲ್ಲೇ.

ಮಾಲಕರ ಹತ್ತಿರ ರಾಜೀನಾಮೆಯ ಮಾತು ಈಗಲೇ ಎತ್ತಬೇಡಿ. ‘ಸರ್, ಡೇಟಾಬೇಸ್ ಪೂರ್ತಿ ನನಗೆ ಬಿಡ್ರಿ, ಎಲ್ಲಾ ಗಿರಾಕಿಗಳದ್ದೂ ನಾನ ನೋಡ್ತೀನಿ, ಆ್ಯಪ್ ಹೊಸ ಹುಡುಗ ನೋಡ್ಲಿ’ ಎಂದು ಕೇಳಿ. ಹಂಗಾಮಿನ ನಡುರಾತ್ರಿ ಫೋನ್ ಎತ್ತುವವನು ನೀವೇ ಆಗಿರುವುದರಿಂದ ಅವರು ಒಪ್ಪುವ ಸಂಭವ ಹೆಚ್ಚು. ಅವರು ಕೂಡಲೇ ಒಪ್ಪದಿದ್ದರೂ ಒಂದು ಕೆಲಸ ಮಾತ್ರ ನಾಳೆಯೇ ಬಿಟ್ಟುಬಿಡಿ. ಪ್ರಿಂಟರಿನ ಕಾಗದ ಸಿಕ್ಕಿಕೊಂಡರೆ ಎದ್ದು ಹೋಗಬೇಡಿ, ಕೂತೇ ಇರಿ. ಎರಡು ದಿನ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ, ಮೂರನೆಯ ದಿನ ಯಾರಾದರೂ ಮುಚ್ಚಳ ತೆಗೆಯುತ್ತಾರೆ.